ಏಳು ಸೀಟಿನ ಗಾಡಿಯೂ ಅವ್ವನ ಕಾಯಿಯೂ

ನನ್ನ ಹಾಜರಿ ಪುಸ್ತಕದ ರಟ್ಟಿನೊಳಗೆ ಒಂದು ಚಿತ್ರವಿದೆ. ದೇವರದಲ್ಲ, ಹೆಂಡತಿಯದೂ ಅಲ್ಲ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದಂತಿರುವ ಒಂದು ಕೆಂಪು ಸ್ಪೋರ್ಟ್ಸ್ ಕಾರಿನದು. ತಿಪಟೂರಿನ ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತಿದ್ದಾಗ, ಅಂಗಡಿಯವನು ಬೇರೊಬ್ಬರ ಕತ್ತಿನ ಹಿಂಭಾಗದಲ್ಲಿ ಮಗ್ನನಾಗಿದ್ದ ಸಮಯ ನೋಡಿ, ಹಳೆಯ ಪತ್ರಿಕೆಯೊಂದರಿಂದ ಹರಿದುಕೊಂಡದ್ದು. ಕದಿಯಬಾರದು ಎಂದು ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು ನಾನು. ಆ ಚಿತ್ರ ನನ್ನ ಬಳಿ ಬಂದು ಹತ್ತು ವರ್ಷವಾಯಿತು. ಅಷ್ಟೂ ವರ್ಷ ನಾನು ಓಡಿಸಿದ್ದು ಒಂದು ಸ್ಕೂಟರು, ಅದನ್ನೂ ಗಂಟೆಗೆ ನಲವತ್ತರ ಮೇಲೆ ಓಡಿಸಿದವನಲ್ಲ.

ಬೆಳಗ್ಗೆ ಹೊನ್ನವಳ್ಳಿಯಿಂದ ತಿಪಟೂರಿನ ಶಾಲೆಗೆ ಹೊರಟಾಗ, ಇಕ್ಕೆಲದ ತೆಂಗಿನ ತೋಟಗಳ ನಡುವೆ ರಸ್ತೆ ಖಾಲಿಯಿದ್ದರೆ, ನಾನು ಸ್ವಲ್ಪ ಮುಂದಕ್ಕೆ ಬಾಗಿ ಕೂರುತ್ತೇನೆ. ಗಾಳಿಗೆ ಅಂಗಿ ಉಬ್ಬುತ್ತದೆ. ಆ ಕೆಂಪು ಕಾರಿನ ಯಜಮಾನನಾಗಲು ನನಗೆ ಅಷ್ಟು ಸಾಕು. ಎದುರಿಗೆ ಎಮ್ಮೆಯೊಂದು ಬಂದ ಕೂಡಲೇ ಮತ್ತೆ ಮೇಷ್ಟ್ರಾಗುತ್ತೇನೆ.

ನಿಜವಾದ ಸ್ಪೋರ್ಟ್ಸ್ ಕಾರನ್ನು ನಾನು ಮುಟ್ಟಿದ್ದು ಒಂದೇ ಸಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೆದ್ದಾರಿಯಲ್ಲಿ ಅಂಥದೊಂದು ಕಾರು ಬಂದು, ಎಳನೀರು ಅಂಗಡಿಯ ಮುಂದಿನ ಹಂಪಿನ ಮೇಲೆ ಹೊಟ್ಟೆ ಸಿಕ್ಕಿಸಿಕೊಂಡು ನಿಂತಿತು. ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ. ಎತ್ತಲು ಜನ ಬೇಕೆಂದಾಗ ಎಲ್ಲರಿಗಿಂತ ಮೊದಲು ಓಡಿದವನು ನಾನು. ಆರು ಜನ ಸೇರಿ ಎತ್ತಿ ಇಳಿಸಿದೆವು. ಗಂಟೆಗೆ ಇನ್ನೂರು ಓಡಬಲ್ಲ ಕಾರು ನಮ್ಮೂರಿನ ಹಂಪನ್ನು ದಾಟಿದ್ದು ಆರು ಜನರ ಕೈಮೇಲೆ ಎಂಬುದು ಅಂದೇ ನನಗೆ ಪಾಠವಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದು ಕೈ ತೊಳೆಯದೆ ಸ್ವಲ್ಪ ಹೊತ್ತು ಕೂತಿದ್ದೆ.

ನನ್ನ ಹೆಂಡತಿ ಸರೋಜಳಿಗೆ ಈ ರೋಗದ ಬಗ್ಗೆ ಗೊತ್ತು, ಕನಿಕರವೂ ಇದೆ. ಆದರೆ ಗಾಡಿ ಎಂದರೆ ಅವಳ ಕಣ್ಣಿಗೆ ಬರುವುದು ಮದುವೆಗೆ ಬಾಡಿಗೆಗೆ ಹಿಡಿಯುವ ವ್ಯಾನು. ಹತ್ತು ಜನ ಹತ್ತಬೇಕು, ಹನ್ನೊಂದನೆಯವರು ಬಂದರೆ ಎಲ್ಲರೂ ಒಂದಿಷ್ಟು ಜರುಗಬೇಕು. ಸೀಟಿನಡಿ ಎರಡು ಮೂಟೆ ಕಾಯಿ ಹಿಡಿಯಬೇಕು. ನಮ್ಮ ಕಡೆ ನೆಂಟರ ಮನೆಗೆ ಹೋಗುವವರು ಕಾಯಿ ಒಯ್ಯುತ್ತಾರೆ, ಬರುವಾಗ ಅವರೂ ಕಾಯಿ ತುಂಬಿ ಕಳಿಸುತ್ತಾರೆ. ಇಬ್ಬರ ಮನೆಯ ಅಟ್ಟದಲ್ಲೂ ಕಾಲಿಡಲು ಜಾಗವಿಲ್ಲದಷ್ಟು ಕಾಯಿ ಇದ್ದೇ ಇರುತ್ತದೆ. ಆದರೂ ಒಯ್ಯದಿದ್ದರೆ, ಕಳಿಸದಿದ್ದರೆ ಮಾತು ಬರುತ್ತದೆ. ಎರಡು ಸೀಟಿನ ನಿಮ್ಮ ಕಾರಿನಲ್ಲಿ ಕಾಯಿ ಎಲ್ಲಿಡ್ತೀರಿ ಎಂದು ಸರೋಜ ಒಮ್ಮೆ ಕೇಳಿದಳು. ತೊಡೆಯ ಮೇಲೆ ಎಂದೆ.

ಈ ಎರಡು ಪಕ್ಷಗಳ ನಡುವೆ ನನ್ನ ತಮ್ಮ ರಾಜು ಒಂದು ದಿನ ಹೊಸ ಎಸ್‌ಯುವಿ ತಂದು ನಿಲ್ಲಿಸಿದ. ಅವನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ, ವಾಸವೂ ಅಲ್ಲೇ. ಅಂಥ ಗಾಡಿಗಳು ನಮ್ಮ ಕಡೆಗೆ ಆಗಷ್ಟೇ ಬರತೊಡಗಿದ್ದ ಕಾಲ. ಆಳೆತ್ತರದ ಕಪ್ಪು ಗಾಡಿ, ಏಳು ಸೀಟು, ಒಳಗೆ ಎಂಥದೋ ಟರ್ಬೊ. ‘ಅಣ್ಣ, ನಿನ್ ಕಾರಿನ ಓಟ, ಅತ್ತಿಗೆ ವ್ಯಾನಿನ ಜಾಗ, ಎಲ್ಡೂ ಇದ್ರಲ್ಲೇ ಐತೆ ಕಣಣ್ಣ’ ಎಂದ. ರಾಜಿ ಪಂಚಾಯಿತಿಯ ಯಜಮಾನನ ಮುಖವಿತ್ತು ಅವನಿಗೆ.

ನನಗೆ ಪುರಾಣ ನೆನಪಾಯಿತು. ಮೇಷ್ಟ್ರಿಗೆ ಸಂತೋಷಕ್ಕೂ ಸಂಕಟಕ್ಕೂ ಅದೇ ನೆನಪಾಗುವುದು. ಯುದ್ಧದ ರಥದಲ್ಲಿ ಇಬ್ಬರೇ, ಒಬ್ಬ ಯೋಧ, ಒಬ್ಬ ಸಾರಥಿ. ಅದು ಅಂದಿನ ಸ್ಪೋರ್ಟ್ಸ್ ಕಾರು. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ಅದು ಸರೋಜಳ ವ್ಯಾನು. ರಥದ ಹಾಗೆ ಓಡುವ ಪುಷ್ಪಕವನ್ನು ನಮ್ಮ ಪೂರ್ವಿಕರು ಯಾಕೆ ಯೋಚಿಸಲಿಲ್ಲ ಎಂದು ನಾನು ಬೆರಗಾದೆ. ಯೋಚಿಸಿ ಕೈಬಿಟ್ಟಿರಲೂಬಹುದು.

ಪೂಜೆಯ ದಿನ ಊರಿನವರು ಬಂದು ಗಾಡಿ ನೋಡಿದರು. ನೋಡಿದರು ಎನ್ನುವುದಕ್ಕಿಂತ ತಟ್ಟಿದರು ಎನ್ನಬೇಕು. ನಮ್ಮ ಸೀಮೆಯವರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ. ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಇಟ್ಟ ಕಾಯಿ, ಒಳಗಿನ ನೀರು ಇಂಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಒಡೆಯದೆ ಅದನ್ನು ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಈ ವಿದ್ಯೆಯಲ್ಲಿ ನಮ್ಮ ಅವ್ವನನ್ನು ಮೀರಿಸಿದವರಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಕೂತೇ, ಅಟ್ಟದ ಮೇಲೆ ಇಲಿ ಉರುಳಿಸಿದ ಕಾಯಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತಾಳೆ.

ಆ ಅವ್ವನನ್ನು ಅಂದು ಗಾಡಿಗೆ ಹತ್ತಿಸಲು ಆಗಲಿಲ್ಲ. ಅವಳ ಮಂಡಿ ನೋವು ಹಳೆಯದು, ಗಾಡಿಯ ಮೆಟ್ಟಿಲು ಎತ್ತರದ್ದು. ಒಂದು ಕಾಲಿಟ್ಟಳು, ಇನ್ನೊಂದು ಮೇಲೆ ಬರಲಿಲ್ಲ, ಸೀರೆಯ ನೆರಿಗೆ ಬಾಗಿಲಿಗೆ ಸಿಕ್ಕಿತು, ನೆರೆದವರಲ್ಲಿ ಯಾರೋ ನಕ್ಕರು. ಕಾಲು ಇಳಿಸಿ, ನನಗೆ ಬಸ್ಸೇ ಸಾಕು ಎಂದವಳು ಮತ್ತೆ ಆ ಕಡೆ ತಿರುಗಲಿಲ್ಲ. ರಾಜುವೂ ಒಬ್ಬನೇ ಓಡಾಡುವವನು. ಕೊನೆಯ ಸಾಲಿನ ಸೀಟನ್ನು ಮಡಚಿಟ್ಟ, ಅದು ಹಾಗೇ ಉಳಿಯಿತು.

ಈಗ ಅವ್ವನ ಮರದ ವಿಷಯ ಹೇಳಬೇಕು. ಅವಳ ತವರು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ. ಮದುವೆ ಮಾಡಿ ಕಳಿಸುವಾಗ ಅವಳ ಅಪ್ಪ ತೋಟದ ಬಾವಿ ಪಕ್ಕದ ಒಂದು ತೆಂಗಿನ ಮರವನ್ನು ತೋರಿಸಿ, ಇದು ನಿನ್ನದು ಎಂದಿದ್ದರಂತೆ. ಕಾಗದವಿಲ್ಲ, ಪತ್ರವಿಲ್ಲ. ಅದರ ಫಸಲನ್ನು ಅವ್ವ ಎಂದೂ ಕೇಳಿದವಳಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವಾಗ ಮೊರದ ಜೊತೆ ಬರುವ ಕಾಯಿ ಮಾತ್ರ ಆ ಮರದ್ದೇ ಆಗಿರಬೇಕು. ಅಪ್ಪ ಹೋದ ಮೇಲೆ ಅವಳ ತಮ್ಮ, ಅಂದರೆ ನಮ್ಮ ಸೋದರಮಾವ, ಒಂದು ವರ್ಷವೂ ತಪ್ಪಿಸದೆ ತಾನೇ ಬಂದು ಕೊಟ್ಟು ಹೋಗುತ್ತಿದ್ದ.

ಗಾಡಿ ಬಂದ ವರ್ಷ ಮಾವನ ಕಾಲು ಉಳುಕಿತ್ತು. ರಾಜು ಗಾಡಿ ತೋರಿಸಲು ದಬ್ಬೇಘಟ್ಟಕ್ಕೆ ಹೋದವನು ಬಾಗಿನವನ್ನು ತಾನೇ ತಂದು, ಸರೋಜಳ ಕೈಗೆ ಮೊರ ಕೊಟ್ಟು, ಇಂಜಿನ್ ಆರಿಸದೆ ಹಾಗೇ ಹೋದ. ಅವ್ವ ಮೊರ ತೆರೆದಳು. ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ಅರಿಸಿನ ಕುಂಕುಮ ಎಲ್ಲ ಇತ್ತು. ಕಾಯಿ ಇರಲಿಲ್ಲ. ಅಕ್ಕಿಯನ್ನೂ ಸರಿಸಿ ನೋಡಿದಳಂತೆ, ಅದರೊಳಗೆ ತೆಂಗಿನಕಾಯಿ ಅಡಗಿ ಕೂರಲು ಸಾಧ್ಯವೆಂಬಂತೆ.

ತೆಂಗಿನ ಸೀಮೆಯಿಂದ ಕಾಯಿ ಇಲ್ಲದ ಬಾಗಿನ. ಮರೆತಿರಬಹುದು, ಕೇಳೋಣ ಎಂದೆ ನಾನು. ‘ಕೇಳಿ ಇಸ್ಕೊಂಡ್ರೆ ಅದು ಬಾಗಿನ ಅಲ್ಲ ಕಣಪ್ಪ. ಯಾರೂ ಬಾಯಿ ಬಿಡಕೂಡ್ದು, ರಾಜು ಮುಂದೇನೂ’ ಎಂದಳು ಅವ್ವ. ಮರ ಇನ್ನು ನಿನ್ನದಲ್ಲ ಎಂದು ತಮ್ಮ ಹೀಗೆ ಹೇಳಿ ಕಳಿಸಿದ್ದಾನೆ ಎಂದೇ ಅವಳು ತಿಳಿದಳು. ಸಂಕ್ರಾಂತಿಗೆ ತವರಿಗೆ ಹೋಗಲಿಲ್ಲ. ಮಾವ ಫೋನ್ ಮಾಡಿದರೆ, ಮಲಗಿದ್ದಾಳೆ ಎಂದು ಹೇಳಿಸಿದಳು. ಅರವತ್ತೈದರ ಹೆಂಗಸು ತವರಿಲ್ಲದವಳಾಗಿ ಹಿತ್ತಿಲಲ್ಲಿ ಕೂತು ಸೋಗೆಯಿಂದ ಪೊರಕೆ ಕಡ್ಡಿ ಸೀಳುವುದನ್ನು ದಿನವೂ ನೋಡುತ್ತಿದ್ದೆ. ಆದರೂ ಮಾವನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವ್ವನ ಮಾತು ಮೀರುವ ಗಂಡಸು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ಇತ್ತ ರಾಜುವಿನ ಗಾಡಿಗೆ ಕಾಯಿಲೆ ಹಿಡಿಯಿತು. ಮೊದಮೊದಲು ತಿರುವಿನಲ್ಲಿ ಹಿಂದಿನಿಂದ ದಡ್ ಎಂದು ಒಂದೇ ಸದ್ದು. ಬೇಸಿಗೆ ಬರುವ ಹೊತ್ತಿಗೆ ಅದು ಗಡಗಡ ಆಯಿತು. ತಿಪಟೂರಿನ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಎಂದ. ತುಮಕೂರಿನವನು ಬೇರಿಂಗ್ ಎಂದ. ಚಕ್ರ ಬಿಚ್ಚಿ ಕಟ್ಟಿದರು, ಸೈಲೆನ್ಸರ್ ಬಿಗಿ ಮಾಡಿದರು, ಸದ್ದು ನಿಲ್ಲಲಿಲ್ಲ. ಇಷ್ಟು ದೊಡ್ಡ ಗಾಡಿಯ ದೋಷ ಸಣ್ಣದಾಗಿರಲು ಸಾಧ್ಯವೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ರಾಜು ಊಟ ಮಾಡುವಾಗಲೂ ತಲೆ ಒಂದು ಕಡೆ ವಾಲಿಸಿ ಏನನ್ನೋ ಆಲಿಸುವವನಂತೆ ಕೂರುತ್ತಿದ್ದ. ಮಾರಿಬಿಡ್ತೀನಿ ಎಂದೂ ಒಮ್ಮೆ ಹೇಳಿದ.

ಯುಗಾದಿ ಕಳೆದ ಮೇಲೆ ಅವ್ವನ ಮಂಡಿ ಊದಿಕೊಂಡು ಬಸ್ಸು ಹತ್ತುವುದೂ ಆಗದಾಯಿತು. ತಿಪಟೂರಿನ ಡಾಕ್ಟರಿಗೆ ತೋರಿಸಲೇಬೇಕು. ರಾಜು ಗಾಡಿ ತಂದ. ಜೊತೆಗೆ ತೋಟದಲ್ಲಿ ಬಿದ್ದ ಮರದಿಂದ ಮೊಳಕ್ಕಿಂತ ಕಡಿಮೆ ಎತ್ತರದ ಒಂದು ಕೊರಡು ಕುಯ್ಯಿಸಿ ತಂದಿದ್ದ. ಅದನ್ನು ಬಾಗಿಲ ಕೆಳಗಿಟ್ಟ, ಅವ್ವ ಅದರ ಮೇಲೆ ಕಾಲಿಟ್ಟು ನಡುವಿನ ಸೀಟಿಗೆ ಹತ್ತಿದಳು. ಯಾವ ಕಂಪನಿಗೂ ಹೊಳೆಯದ ಮೆಟ್ಟಿಲು ಅದು. ನಾನು ಅವಳ ಪಕ್ಕ ಕೂತೆ.

ಊರು ದಾಟಿ ಮೊದಲ ತಿರುವಿನಲ್ಲಿ ಗಡಗಡ ಕೇಳಿತು. ಅವ್ವ ಕಣ್ಣು ಮುಚ್ಚಿ ಕತ್ತನ್ನು ಹಿಂದಕ್ಕೆ ವಾಲಿಸಿದಳು. ಎರಡನೆಯ ತಿರುವಿನಲ್ಲಿ ಕಣ್ಣು ತೆರೆದಳು.

‘ಅದು ಬೇರಿಂಗ್ ಅಂತೆ ಕಣವ್ವ, ಬೆಂಗ್ಳೂರಿಗೆ ಬಿಡ್ಬೇಕು’ ಎಂದ ರಾಜು.

‘ಬೇರಿಂಗೂ ಇಲ್ಲ ಗೀರಿಂಗೂ ಇಲ್ಲ. ಕಾಯಿ ಬಿಟ್ಕೊಂಡೈತೆ ಕಣ್ಲಾ. ಕೊಬ್ರಿ ಆಗೈತೆ. ನಿಲ್ಸು.’

ಮಡಚಿಟ್ಟ ಕೊನೆಯ ಸಾಲಿನ ಸೀಟನ್ನು ಮೊದಲ ಬಾರಿಗೆ ಎತ್ತಿದೆವು. ಅದರಡಿಯ ಗುಂಡಿಯಲ್ಲಿ, ಜಾಕಿನ ಪಕ್ಕ, ಒಂದು ತೆಂಗಿನಕಾಯಿ ಇತ್ತು. ಜುಟ್ಟಿಗೆ ಅರಿಸಿನದ ದಾರ, ಮೈಮೇಲೆ ಒಣಗಿದ ಕುಂಕುಮ. ಒಂದು ಮಗ್ಗುಲು ಚಪ್ಪಟೆಯಾದ ನೀಳ ಕಾಯಿ. ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬಾವಿ ಮರದ್ದು ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ರಾಜು ಮೋರಿ ಕಟ್ಟೆಯ ಮೇಲೆ ಕುಸಿದ. ಅವನಿಗೆ ಈಗ ಎಲ್ಲ ನೆನಪಾಗುತ್ತಿತ್ತು. ಮಾವ ಮೊರಗಳನ್ನು ಹಿಂದುಗಡೆ ಇಟ್ಟು, ಅವುಗಳ ಮೇಲೆ ಕಾಯಿ ಇಟ್ಟು, ಅಕ್ಕನ ಮರದ್ದು, ಜೋಪಾನ ಎಂದಿದ್ದ. ಆಗ ರಾಜು ಅವನಿಗೆ ಟರ್ಬೊ ಎಂದರೇನೆಂದು ವಿವರಿಸುತ್ತಿದ್ದ. ದಾರಿಯಲ್ಲಿ ಅದರ ಪಿಕಪ್ ಪರೀಕ್ಷೆಯೂ ಆಗಿತ್ತು, ಕಾಯಿ ಎಲ್ಲಿಗೋ ಹಾರಿತ್ತು. ದಿನಕ್ಕೆ ನೂರಾರು ಕಾಯಿ ಅಲ್ಲಾಡಿಸಿ ನೋಡುವ ವ್ಯಾಪಾರಿ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದ.

ಅವ್ವ ಬಯ್ಯಲಿಲ್ಲ. ‘ಡಾಕ್ಟ್ರು ನಾಳೇನೂ ಇರ್ತಾರೆ. ದಬ್ಬೇಘಟ್ಟಕ್ಕೆ ತಿರುಗ್ಸು’ ಎಂದಳು.

ಪಶ್ಚಾತ್ತಾಪದಿಂದಲೋ ಏನೋ, ರಾಜು ಎತ್ತಿನ ಗಾಡಿಯ ಹಾಗೆ ಹೋಗುತ್ತಿದ್ದ. ತಿಪಟೂರು ದಾಟಿ ತುರುವೇಕೆರೆ ದಾರಿ ಹಿಡಿದಾಗ ಅವ್ವ ಅವನ ಭುಜ ತಟ್ಟಿ, ‘ಇದ್ರ ಓಟ ಇಷ್ಟೇನೇನ್ಲಾ?’ ಎಂದು ಕೇಳಿದಳು. ಅವನು ಕಾಲು ಒತ್ತಿದ. ಆ ಗಾಡಿಯೊಳಗಿನ ಕುದುರೆಗಳಿಗೆಲ್ಲ ಅಂದು ಮೊದಲ ಸಲ ಸರಿಯಾದ ಕೆಲಸ ಸಿಕ್ಕಿತು. ಅವ್ವ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು, ನಾನು ಸ್ಕೂಟರಿನ ಮೇಲೆ ಕೂರುವ ಹಾಗೇ. ನಾನು, ವೇಗದ ಹಳೆಯ ಉಪಾಸಕ, ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದೆ.

ಮಾವ ಜಗುಲಿಯ ಮೇಲಿದ್ದ. ಅಕ್ಕ ಕೊರಡಿನ ಮೇಲೆ ಕಾಲಿಟ್ಟು ಇಳಿಯುವುದನ್ನು ನೋಡಿ ಎದ್ದು ನಿಂತ. ತಾನೇ ಬಂದು ಬಾಗಿನ ಕೊಡಲಿಲ್ಲವೆಂದು ಅಕ್ಕ ಮುನಿದಿದ್ದಾಳೆ ಎಂದು ಅವನೂ ಇಷ್ಟು ದಿನ ಕೊರಗಿದ್ದ. ಅವ್ವ ಕಾಯಿಯನ್ನು ಅವನ ಕೈಗಿಟ್ಟಳು. ಅವನು ನಮ್ಮ ಸೀಮೆಯವನಲ್ಲವೇ, ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

‘ಕೊಬ್ರಿ ಆಗೈತಲ್ಲಕ್ಕ!’

‘ಏಳ್ ತಿಂಗ್ಳು ಗಾಡಿ ಕಾವ್ನಾಗೆ ದಾರೀಲೇ ಕೂತಿತ್ತು. ಆಗ್ದೆ ಏನ್ಮಾಡೀತು? ನಾನೂ ಹಂಗೇ ಒಣಗ್ದೆ ಕಣ್ಲಾ’ ಎಂದಳು ಅವ್ವ.

ಅದನ್ನು ಒಡೆದು, ಬೆಲ್ಲದ ಜೊತೆ ಎಲ್ಲರೂ ತಿಂದೆವು. ರಾಜುವಿಗೆ ಅವ್ವ ಎರಡು ಚೂರು ಹೆಚ್ಚಿಗೆ ಕೊಟ್ಟಳು. ಅದು ಅವನಿಗೆ ಶಿಕ್ಷೆಯೋ ಕ್ಷಮೆಯೋ ನನಗೆ ತಿಳಿಯಲಿಲ್ಲ. ಆಮೇಲೆ ಅವಳು ತಮ್ಮನ ಕೈ ಹಿಡಿದು, ಕುಂಟುತ್ತ, ಬಾವಿಯ ಕಡೆ ಹೋಗಿ ತನ್ನ ಮರ ನೋಡಿ ಬಂದಳು. ಸಂಜೆ ವಾಪಸು ಬರುವಾಗ ಮಾವ, ಅತ್ತೆ, ಅವರ ಮೊಮ್ಮಕ್ಕಳಿಬ್ಬರು ನಮ್ಮ ಜೊತೆ ಹೊರಟರು. ಕೊನೆಯ ಸಾಲಿನ ಸೀಟು ಬಿಡಿಸಿ ನಿಲ್ಲಿಸಿದೆವು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು.

ಅಂದಿನಿಂದ ನಾನು ಒಂದೇ ಯೋಚಿಸುತ್ತಿದ್ದೇನೆ. ನನ್ನ ಕೆಂಪು ಕಾರಾಗಿದ್ದರೆ ಆ ಕಾಯಿ ತೊಡೆಯ ಮೇಲೆಯೇ ಬರುತ್ತಿತ್ತು, ಬೇರೆ ಜಾಗವೇ ಇಲ್ಲ. ಸರೋಜಳ ವ್ಯಾನಾಗಿದ್ದರೆ ಯಾರದೋ ಕಾಲಿಗೆ ತಗುಲಿ, ಇದ್ಯಾರ ಕಾಯಿ ಎಂದು ಅವರು ಎತ್ತಿಕೊಡುತ್ತಿದ್ದರು. ಜಾಗ ಬೇಕಾದಷ್ಟಿದ್ದು ಜನರಿಲ್ಲದ ಗಾಡಿಯಲ್ಲಿ ಮಾತ್ರ ಅದು ಕಳೆದುಹೋಗಲು ಸಾಧ್ಯವಿತ್ತು. ಹಾಗೆಂದು ಗಾಡಿಯನ್ನು ದೂರಲಾರೆ. ಕಳೆದದ್ದೂ ಅದೇ, ತವರಿಗೆ ಮುಟ್ಟಿಸಿದ್ದೂ ಅದೇ. ರಾಜು ಅದನ್ನು ಮಾರಲಿಲ್ಲ. ಕೊರಡು ಈಗಲೂ ಡಿಕ್ಕಿಯಲ್ಲಿದೆ.

ಮುಂದಿನ ಗೌರಿ ಹಬ್ಬಕ್ಕೆ ಮಾವನೇ ಬರುತ್ತೇನೆಂದರೂ ರಾಜು ಬಿಡಲಿಲ್ಲ, ತಾನೇ ಹೋಗಿ ಬಾಗಿನ ತಂದ. ಅಂದು ಶಾಲೆ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದಾಗ ಹೊನ್ನವಳ್ಳಿ ರಸ್ತೆಯಲ್ಲಿ ಅವನ ಕಪ್ಪು ಗಾಡಿ ಸಿಕ್ಕಿತು. ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ತೆಂಗಿನಕಾಯಿ ಕೂತಿತ್ತು. ಗಾಡಿ ಮೂವತ್ತರಲ್ಲಿ ಬರುತ್ತಿತ್ತು. ನಾನು ಮುಂದಕ್ಕೆ ಬಾಗಿ, ಹಾರ್ನ್ ಹೊಡೆದು, ಅದನ್ನು ಹಿಂದೆ ಹಾಕಿದೆ. ಜನ್ಮದಲ್ಲಿ ನಾನು ಹಿಂದೆ ಹಾಕಿದ ಒಂದೇ ಒಂದು ಎಸ್‌ಯುವಿ ಅದು.

ಮನೆಯಲ್ಲಿ ರಾಜು ಎರಡೂ ಕೈಯಲ್ಲಿ ಹಿಡಿದು ತಂದ ಕಾಯಿಯನ್ನು ಅವ್ವ ಇಸಿದುಕೊಂಡಳು. ದೇವರ ಮುಂದಿಡುವ ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು.

‘ನೀರೈತೆ’ ಎಂದಳು. ‘ಈ ಸಲ ಗಾಡಿ ಬಿರ್ನೆ ಬಂದೈತೆ ಬುಡು.’