ಮುಚ್ಚಳ ತೆಗೆದು ಹಚ್ಚು

ಡೆಲ್ಬರ್ಟ್ ಹಾಸ್ಕಿನ್ಸ್‌ನ ಹಿತ್ತಲಿಗೆ ಊಟಕ್ಕೆ ಹೋದವರು ಮಾಂಸಕ್ಕಿಂತ ಮೊದಲು ಬೈಗುಳ ತಿನ್ನಬೇಕಿತ್ತು. ಓಹಾಯೊದ ಆ ಪುಟ್ಟ ಊರಿನಲ್ಲಿ ಶಾಲಾ ಬಸ್ಸುಗಳ ರಿಪೇರಿ ಮಾಡುತ್ತಲೇ ಮುದುಕನಾದ ಮನುಷ್ಯ. ಮಾಂಸ ಸುಡುವ ಗ್ಯಾಸ್ ಗ್ರಿಲ್ಲನ್ನು ಗೋಡೆಯಿಂದ ದೂರ ಎಳೆಯದೆ, ಸಿಲಿಂಡರಿನ ಪೈಪಿಗೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡದೆ ಅವನು ಎಂದೂ ಬೆಂಕಿ ಹಚ್ಚಿದವನಲ್ಲ. ಮಳೆ ಬಂತೆಂದು ಪಕ್ಕದ ಮನೆಯ ರಸ್ ತನ್ನ ಗ್ರಿಲ್ಲನ್ನು ಕಾರಿನ ಶೆಡ್ಡಿಗೆ ತಳ್ಳಿದಾಗ, ಡೆಲ್ಬರ್ಟ್ ಬೇಲಿ ಹಾರಿ ಹೋಗಿ ಅದನ್ನು ಹೊರಗೆಳೆದಿದ್ದ.

"ಮುಚ್ಚಳ ತೆಗ್ದು ಹಚ್ರೋ! ಒಳಗೆ ಗ್ಯಾಸ್ ತುಂಬ್ಕೊಂಡ್ರೆ ಮುಖಾನೇ ಇರಲ್ಲ!" ಎಂಬ ಅವನ ಕೂಗು ಬೀದಿಯ ಕೊನೆಗೂ ಕೇಳುತ್ತಿತ್ತು.

"ಬಂತಪ್ಪ ಫೈರ್ ಇಂಜಿನ್ನು!" ಎಂದು ರಸ್ ಬಿಯರ್ ಬಾಟಲಿ ಎತ್ತಿ ಗೇಲಿ ಮಾಡುತ್ತಿದ್ದ. ಮಾಡಿಕೊಳ್ಳಲಿ ಬಿಡಿ, ಆ ಬೀದಿಯಲ್ಲಿ ಯಾರೊಬ್ಬರ ಹುಬ್ಬೂ ಸುಟ್ಟಿರಲಿಲ್ಲ.

ಕೊನೆಗೆ ಅವನಿಗೆ ಕೈಕೊಟ್ಟದ್ದು ಶ್ವಾಸಕೋಶ. ಡೀಸೆಲ್ ಹೊಗೆ, ಸಿಗರೇಟು ಎರಡೂ ಸೇರಿ ಅದನ್ನು ತಿಂದುಹಾಕಿದ್ದವು. ಮೂಗಿಗೆ ಆಕ್ಸಿಜನ್ ನಳಿಕೆ ಬಂತು, ದನಿ ಪಿಸುಮಾತಿಗೆ ಇಳಿಯಿತು. ಬೆಂಕಿಯ ಹತ್ತಿರ ಸುಳಿಯಲೇಬಾರದು, ನಳಿಕೆ ತೆಗೆದಿಟ್ಟರೂ ಅಂಗಿಯಲ್ಲಿ ಆಕ್ಸಿಜನ್ ಉಳಿದಿರುತ್ತದೆ, ಕಿಡಿ ತಾಗಿದರೆ ಭಗ್ಗೆನ್ನುತ್ತದೆ ಎಂದು ನರ್ಸ್ ಹೇಳಿ ಹೋದಳು. ಬೇರೆಯವರಾಗಿದ್ದರೆ ಕದ್ದಾದರೂ ಹೋಗುತ್ತಿದ್ದರು. ಡೆಲ್ಬರ್ಟ್ ಹೋಗಲಿಲ್ಲ. ನಿಯಮ ಎಂದರೆ ಅವನಿಗೆ ನಿಯಮವೇ.

ಮೇ ತಿಂಗಳ ಕೊನೆಯ ಸೋಮವಾರ, ಮಡಿದ ಯೋಧರ ನೆನಪಿನ ರಜೆ. ಅಂದು ಎಲ್ಲರ ಹಿತ್ತಲಲ್ಲೂ ವರ್ಷದ ಮೊದಲ ಹೊಗೆ ಏಳಬೇಕು.

"ಈ ಸಲ ನಾನೇ ಹಚ್ತೀನಿ. ನೀನು ಗಾಜಿನ ಬಾಗ್ಲ ಹಿಂದೆ ಕೂತು ಯಜಮಾನಿಕೆ ಮಾಡು," ಎಂದಳು ಹೆಂಡತಿ ಲೊರೆಟ್ಟಾ.

"ಬೇಡ ಕಣೆ. ಅಂಗ್ಡಿಯಿಂದ ತರ್ಸೋಣ."

"ನಿನ್ನ ಈ ಸಪ್ಪೆ ಮುಖ ನೋಡಕ್ಕಾಗಲ್ಲ, ಡೆಲ್. ಇಷ್ಟು ವರ್ಷ ನಿನ್ ಕೂಗು ಕೇಳಿದೀನಿ, ನಂಗೆ ಅಷ್ಟೂ ಬರಲ್ವಾ?"

ಬರುತ್ತಿತ್ತು. ಗ್ರಿಲ್ಲನ್ನು ದೂರ ಎಳೆದಳು, ಸೋಪಿನ ನೀರು ಬಳಿದಳು, ಮುಚ್ಚಳ ತೆಗೆದೇ ಹಚ್ಚಿದಳು. ಗಾಜಿನ ಹಿಂದೆ ಡೆಲ್ಬರ್ಟ್ ಹೆಮ್ಮೆಯಿಂದ ತಲೆಯಾಡಿಸಿದ. ಅಷ್ಟರಲ್ಲಿ ಗಾಳಿ ಬೀಸಿ ಬೆಂಕಿ ಆರಿತು. ಗಾಳಿಗೆ ಅಡ್ಡವಾಗಲೆಂದು ಅವಳು ಮುಚ್ಚಳ ಹಾಕಿದಳು. ಗ್ಯಾಸ್ ನಿಲ್ಲಿಸಲಿಲ್ಲ.

ಡೆಲ್ಬರ್ಟ್ ಎದ್ದು ನಿಂತ. ಮುಚ್ಚಳ ಎಂದು ಕೂಗಲು ಬಾಯಿ ತೆರೆದ, ಗಾಳಿಯಷ್ಟೇ ಬಂತು. ಎರಡೂ ಕೈಯಿಂದ ಗಾಜು ಬಡಿದ. ಲೊರೆಟ್ಟಾ ತಿರುಗಿ ನೋಡಿ ನಕ್ಕಳು.

"ಬಂತು ಬಂತು, ಹೊಟ್ಟೆಬಾಕ! ಸ್ವಲ್ಪ ತಡ್ಕೋ!" ಎಂದು ಕೈಬೀಸಿ, ಕಿಡಿ ಹೊತ್ತಿಸುವ ಗುಂಡಿ ಒತ್ತಿದಳು.

ಮುಚ್ಚಳ ಹಾರಿ ಅವಳ ಮುಖಕ್ಕೆ ಬಡಿಯಿತು. ಸುಟ್ಟದ್ದು ಮೆಲ್ಲಗೆ ಮಾಯಿತು, ಎಡಗಣ್ಣು ಮಾತ್ರ ಹೋಯಿತು. ಗ್ರಿಲ್ಲನ್ನು ರಸ್ ಎಳೆದುಕೊಂಡು ಹೋಗಿ ಗುಜರಿಗೆ ಹಾಕಿದ.

ಜುಲೈ ಬಂತು. ಬೇಲಿಯಾಚೆ ಹೊಗೆ ಎದ್ದಿತು, ರಸ್‌ನ ದನಿ ಕೇಳಿಸಿತು: "ಮುಚ್ಚಳ ತೆಗ್ದು ಹಚ್ರೋ!"

"ಕೇಳಿಸ್ತಾ ಡೆಲ್? ಥೇಟ್ ನಿನ್ ಥರಾನೇ ಕೂಗ್ತಾನೆ," ಎಂದು ಲೊರೆಟ್ಟಾ ನಕ್ಕಳು.

ಈಚೆಗೆ ಡೆಲ್ಬರ್ಟ್ ಕೂರುವುದು ಅವಳ ಎಡಗಡೆಗೇ. ಆ ಕಡೆ ಕೂತರೆ, ಅವನು ಅಳುವುದು ಅವಳಿಗೆ ಕಾಣುವುದಿಲ್ಲ.