ಮನೀಷಾ ಹಳಿ ನೋಡಿದ್ದು

ನಾ ಸಿಟ್ಟಿನ ಮನಷ್ಯಾ. ಹೋಟಗಿ ಸ್ಟೇಷನ್‌ದಾಗ ಯಾರನ್ನರ ಕೇಳ್ರಿ, ಗ್ಯಾಂಗಮನ್ ಬಸಣ್ಣ ಅಂದ್ರ ಮೊದಲ ಬೈತಾನ, ಆಮ್ಯಾಲ ಚಾ ಕುಡಸ್ತಾನ ಅಂತಾರ. ಅಂಥಾ ನಾನು ಒಬ್ಬ ಹೆಣ್ಣಮಗಳ ಮುಂದ ಬಾಯಿ ಮುಚ್ಚಿ ನಿಂತ ಮಾತಿದು.

ಆಕಿ ಮನೀಷಾ, ಕರಜಗಿ ಕುರಿಗಾರ ಕಾಮಣ್ಣನ ಮಗಳು. ರೈಲ್ವೆ ಭರತಿಯೊಳಗ ಇಪ್ಪತ್ತು ಕಿಲೋ ಚೀಲ ಹೊತ್ತು ಓಡಬೇಕಲ್ರಿ? ಉಳದವರು ತೇಕತಿದ್ರ ಈಕಿ ಚೀಲ ಇಳಸಿ, "ಇಷ್ಟ ಏನ್ರಿ? ನಮ್ಮ ಟಗರ ಇದಕ್ಕಿಂತ ವಜ್ಜಾ ಐತಿ" ಅಂದಿದ್ಳಂತ. ಹತ್ತ ವರ್ಷ ನಮ್ಮ ಕೂಡ ಹಳಿ ಮ್ಯಾಲ ಸುತ್ತಿಗಿ ಹೊಡದ್ಳು. ಹೋದ ವರ್ಷ ಪರೀಕ್ಷಾ ಬರದು ಮೇಟ್ ಆದ್ಳು. ಮೇಟ್ ಅಂದ್ರ ಹನ್ನೆರಡ ಮಂದಿ ಗ್ಯಾಂಗಿನ ಯಜಮಾನಿಕಿ. ನನಗ ಹೊಟ್ಯಾಗ ಬೆಂಕಿ ಬಿತ್ತು. "ಹೆಣ್ಣಕೋಳಿ ಕೂಗಿದ್ರ ಬೆಳಗಾಗ್ತೈತೇನು?" ಅಂತ ಎಲ್ಲಾರ ಮುಂದ ಅಂದೆ. ಮೇಟ್ ಅಂತ ಒಮ್ಮಿನೂ ಕರೀಲಿಲ್ಲ.

ಎರಡನೇ ದಿನಾನ ಆಕಿ ನನ್ನ ಕೈಯಾಗಿನ ಝಂಡಾ ಇಸಗೊಂಡ್ಳು. "ಬಸಣ್ಣ ಕಾಕಾ, ನೀವು ಹಾರಿ ಹಿಡೀರಿ. ಝಂಡಾ ನಮ್ಮ ಗ್ಯಾಂಗಿನ ಹುಡಗ ಯುವರಾಜ ನೋಡ್ಕೋತಾನ." ದೂರದಾಗ ಗಾಡಿ ಕಂಡ ಕೂಡ್ಲೆ ಸೀಟಿ ಹೊಡದು ಮಂದೀನ ಹಳಿ ಬಿಡಸೂದು ಹಿರೇರ ಕೆಲಸ. ಅದನ್ನ ಕಸಗೊಂಡು ನೆಲಾ ಅಗಿಯೂ ಹಾರಿ ಕೊಡೂದಂದ್ರ? ಇಡೀ ವಾರ ಆಕಿನ್ನ ಬೈಕೋತ ತಿರಗಿದೆ. ಆಕಿ ಒಂದ ಮಾತು ತಿರಗಿ ಅನಲಿಲ್ಲ.

ಆ ವಾರದ ಕಡೀ ದಿನ, ಏಪ್ರಿಲ್ ಬಿಸಲು. ಅಕ್ಕಲಕೋಟ ಕಡೆ ಹೋಗೂ ಹಳಿ ಕಾದು ಡೊಂಕಾಗಿತ್ತು. ಸರಿ ಮಾಡಾಕ ನಲವತ್ತ ಮಿನಿಟ ಕೊಟ್ಟಿದ್ರು, ಹಿಂದ ಸಿಗ್ನಲ್‌ದಾಗ ಮಂದಿ ತುಂಬಿದ ಪ್ಯಾಸೆಂಜರ್ ನಿಂತಿತ್ತು. ಎಲ್ಲಾ ಹಾರಿ ಒಮ್ಮೆಲೆ ಹಾಕಿ ಹಳಿ ಸರಸಬೇಕು, ಮೇಟ್ ಆದವರು ಬಕ್ಕಬಾರಲೇ ಬಿದ್ದು ಹಳಿ ಗುಂಟ ಕಣ್ಣ ಇಟ್ಟು ಎಷ್ಟ ಸರಸೂದು ಹೇಳಬೇಕು. ಇಷ್ಟ ಗಂಡಸರ ಮುಂದ ಈಕಿ ಹ್ಯಾಂಗ ಮಲಗ್ತಾಳೋ ನೋಡೂಣು ಅಂತ ನಾನು ಮೀಸ್ಯಾಗ ನಗತಿದ್ದೆ. ಆಕಿ ಸೆರಗ ಸೊಂಟಕ್ಕ ಸಿಗಿಸಿ ಸುಡೂ ಖಡಿಗಲ್ಲಿನ ಮ್ಯಾಲ ಮಲಗೇ ಬಿಟ್ಳು. ಹಂಚಿನಂಗ ಕಾದ ಹಳಿಗಿ ಗಲ್ಲ ಹಚ್ಚಿದ್ಳು.

ನಾಕ ಸಲ ಸರಸಿದ್ವಿ. ನಾ ಬಗ್ಗಿ ನೋಡಿ, "ನೆಟ್ಟಗಾತು, ಸಾಕು ಬಿಡ್ರಿ" ಅಂದೆ. ಎಲ್ಲಾರೂ ಹಾರಿ ಇಳಿಸಿದ್ರು.

"ಇಲ್ಲ, ಇನ್ನ ಎರಡ ಬಟ್ಟ ಡೊಂಕ ಐತಿ" ಅಂದ್ಳು ಮನೀಷಾ.

"ಮೂವತ್ತ ವರ್ಷ ಹಳಿ ಮ್ಯಾಲ ಸವದೀನಿ, ನನಗ ಕಲಸ್ತೀಯೇನವಾ?"

ಮಂದಿ ನನ್ನ ಮಾರಿ ನೋಡಿದ್ರು. ಒಬ್ಬನೂ ಹಾರಿ ಎತ್ತಲಿಲ್ಲ. ಎಂಟ ಮಿನಿಟ ಉಳದಿತ್ತು. ಆಕಿ ಏಳಲಿಲ್ಲ, ಒದರಾಡಲಿಲ್ಲ. ಮಲಗಿದ್ದಲ್ಲಿಂದನ ಕುರಿ ಕರಿಯೂ ದನಿಯೊಳಗ ಕೂಗಿದ್ಳು:

"ಏಳುಕೋಟಿ ಏಳುಕೋಟಿ ಏಳುಕೋಟಿಗೋ!"

ಮೈಲಾರ ದೇವರ ಜೈಕಾರ ಕಿವಿಗಿ ಬಿದ್ದ ಮ್ಯಾಲ ಸುಮ್ನ ನಿಂದ್ರಾವ ನಮ್ಮ ಕುಲದಾಗ ಹುಟ್ಟಿಲ್ಲ. ಎಲ್ಲಾರಕಿಂತ ಮೊದಲ ನನ್ನ ಬಾಯಿಂದನ ಬಂತು, "ಚಾಂಗಮಲೋ!" ಅಯ್ಯ ನನ್ನಪ್ಪಾ, ಕೈ ತಾನಽ ಹಾರಿಗಿ ಹೋತು! ಆಕಿ ಕೂಗೂದು, ನಾವು ಚಾಂಗಮಲೋ ಅಂತ ನೂಕೂದು. ಮೂರನೇ ಕೂಗಿಗಿ ಹಳಿ ಸರೀತು.

ಆಕಿ ಎದ್ದು ಹಳಿಗಿ ದಾರ ಕಟ್ಟಿ ಎಳದು, "ನೋಡ್ರಿ ಕಾಕಾ, ಈಗ ಕೂಡೇತಿ" ಅಂದ್ಳು. ಬಗ್ಗಿ ನೋಡಿದೆ. ಖರೇ ಹೇಳ್ತೀನಿ, ನನಗ ದಾರಾನ ಕಾಣಲಿಲ್ಲ.

ಪ್ಯಾಸೆಂಜರ್ ನಿಧಾನಕ ದಾಟಿ ಹೋತು. ಕಿಡಕಿಯೊಳಗಿಂದ ಒಂದ ಕೂಸು ನಮಗ ಕೈ ಮಾಡ್ತು. ಎಲ್ಲಾರೂ ನೀರಿಗಿ ಹೋದಾಗ ಮನೀಷಾ ನನ್ನ ಮಗ್ಗಲಕ ಬಂದು ಕುಂತ್ಳು. ಗಲ್ಲದ ಮ್ಯಾಲ ಹಳಿ ಸುಟ್ಟ ಕೆಂಪು ಬರಿ ಎದ್ದಿತ್ತು.

"ಕಣ್ಣ ಯಾವಾಗಿಂದ ಹಿಂಗ ಆಗೇತಿ ಕಾಕಾ?"

ನಾ ರುಮಾಲಲೆ ಕಣ್ಣ ವರಸಿಕೊಂಡೆ.

"ನಾ ಮೇಟ್ ಆದ ಮೊದಲನೇ ದಿನ ಇಂಜಿನ್ ನೂರ ಮಾರ ಹತ್ರ ಬಂದಾಗ ನೀವು ಸೀಟಿ ಹೊಡದ್ರಿ. ಅದಕ್ಕ ಝಂಡಾ ಇಸಗೊಂಡೆ. ಮಂದಿ ಮುಂದ ಅಂದಿದ್ರ ನಿಮ್ಮ ಮರ್ಯಾದಿ ಹೋಗತಿತ್ತು. ನಾಳಿ ನೀವಽ ದವಾಖಾನಿಗಿ ಹೋಗ್ರಿ. ಹೋಗಲಿಲ್ಲಂದ್ರ ನಾಡದ ನಾ ಸಾಹೇಬ್ರಿಗಿ ಬರದ ಕೊಡ್ತೀನಿ. ಹನ್ನೆರಡ ಮಂದಿ ಜೀವದ ಪ್ರಶ್ನಿ ಅದು."

ಒಂದ ವಾರ ನನ್ನ ಬೈಗಳ ನುಂಗಿ, ನನ್ನ ಮಾನ ಕಾಯಕೋತ, ನಮ್ಮೆಲ್ಲಾರ ಜೀವ ಕಾಯಕೋತ ತಿರಗ್ಯಾಳಲ್ಲ ಈಕಿ! ಇಷ್ಟ ದೊಡ್ಡ ಮನಸು ಆ ಸಣ್ಣ ಎದ್ಯಾಗ ಎಲ್ಲಿ ಹಿಡದಿತ್ತೋ ದೇವರಿಗೇ ಗೊತ್ತು.

ಸೋಲಾಪುರದಾಗ ಎರಡೂ ಕಣ್ಣಿನ ಪೊರಿ ತಗಸಿದೆ. ಎರಡ ತಿಂಗಳಿಗಿ ತಿರಗಿ ಬಂದಾಂವ ಮೊದಲ ಅದಽ ಜಾಗಾಕ್ಕ ಹೋದೆ. ಬಕ್ಕಬಾರಲೇ ಮಲಗಿ ಹಳಿ ಗುಂಟ ಕಣ್ಣ ಇಟ್ಟೆ. ಮುಗಲು ನೆಲಾ ಕೂಡೂ ತನಕ ಹಳಿ ಹೋಗಿತ್ತು, ಕೂದಲೆಳಿಯಷ್ಟೂ ಡೊಂಕಿಲ್ಲ. ಕಣ್ಣಾಗ ನೀರ ಬಂತು.

ಹಿಂದ ಎಲ್ಲಾರೂ ನಗಾಕತ್ತಿದ್ರು. ಮನೀಷಾ ಕೇಳಿದ್ಳು, "ಏನ್ ಕಾಣ್ತೈತ್ರಿ ಕಾಕಾ?"

"ನೆಟ್ಟಗೈತ್ರಿ ಮೇಟ್" ಅಂದೆ. "ಈ ಸಲ ಕಂಡು ಹೇಳಾಕತ್ತೀನಿ."