ಹದಿನಾಲ್ಕು ಸೇರಿನ ಹಿಡಿತ

ಹನಮಂತಪ್ಪನನ್ನು ನಾನು ಮೊದಲು ನೋಡಿದ್ದು ಅಮೀನಗಡದಲ್ಲಿ, ಹುನಗುಂದದ ಬಸ್ಸಿಗೆ ಕಾಯುವಾಗ. ಹೆಗಲ ಕಂಬಳಿಯೊಳಗೆ ಬಲಗೈ ಹುದುಗಿಸಿಕೊಂಡು ತುಟಿಯಲ್ಲೇ ಏನೋ ಎಣಿಸುತ್ತಿದ್ದ. ಏಳಕ್ಕೆ ಬಂದು ಕಣ್ಣು ಮುಚ್ಚಿದ, ಉದ್ದಕ್ಕೆ ಉಸಿರು ಬಿಟ್ಟ, ಮತ್ತೆ ಒಂದರಿಂದ ಶುರು ಮಾಡಿದ. ಜಪ ಮಾಡುತ್ತಿದ್ದಾನೆಂದು ನನಗೆ ಖಾತ್ರಿಯಾಯಿತು. ಮನುಷ್ಯರನ್ನು ಮುಖ ನೋಡಿಯೇ ಅಳೆಯಬಲ್ಲೆನೆಂಬ ಜಂಬ ನನ್ನದು. ಸೀಟು ಬಿಟ್ಟುಕೊಟ್ಟು ಹುನಗುಂದದವರೆಗೆ ನಿಂತೇ ಹೋದೆ. ಇಳಿಯುವಾಗ ಕಂಬಳಿ ಸರಿಯಿತು. ಕೈಯಲ್ಲಿದ್ದದ್ದು ಜಿಮ್ಮಿನ ಹುಡುಗರು ಹಿಸುಕುವ ಗ್ರಿಪ್ಪರು: ಎರಡು ಹಿಡಿ, ನಡುವೆ ಸುರುಳಿ ಸ್ಪ್ರಿಂಗು.

ರಾಮಥಾಳದ ಹನಮಂತಪ್ಪನಿಗೆ ವಯಸ್ಸು ಐವತ್ತೆರಡು. ಕುರಿ ಸಾಕುವುದು ಮನೆತನದಿಂದ ಬಂದದ್ದು, ಉಣ್ಣೆ ಕತ್ತರಿಸುವುದು ಅವನ ಸ್ವಂತ ಹೆಗ್ಗಳಿಕೆ. ಆ ಕತ್ತರಿ ದರ್ಜಿಯ ಕತ್ತರಿಯಲ್ಲ. ಒಂದೇ ಕಬ್ಬಿಣದ ಪಟ್ಟಿ ಬಾಗಿಸಿ ಮಾಡಿದ್ದು. ಹಿಸುಕಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನೇ ಬಾಯಿ ತೆರೆಯುತ್ತದೆ. ಒಂದು ಕುರಿಗೆ ನೂರಾರು ಸಲ ಹಿಸುಕಬೇಕು. ಸುತ್ತಲಿನ ಆರು ಮಂದಿ ಸೇರಿ ಒಂದು ತಂಡ. ಇವತ್ತು ಇವನ ಹಟ್ಟಿ, ನಾಳೆ ಅವನ ಹಟ್ಟಿ. ತಂಡದಲ್ಲಿ ಕೂತವನ ಕುರಿಗೆ ಉಳಿದ ಐವರ ಕತ್ತರಿ ಬರುತ್ತದೆ. ಕೂರದವನು ತನ್ನ ಕುರಿಗಳನ್ನು ತಾನೇ ನೋಡಿಕೊಳ್ಳಬೇಕು.

ಬೇಸಿಗೆಯಲ್ಲಿ ಬೈಕಿನಿಂದ ಬಿದ್ದು ಹನಮಂತಪ್ಪನ ಮುಂಗೈ ಮುರಿದಿತ್ತು. ಎಲುಬು ಕೂಡಿತು, ಬಲ ಕೂಡಲಿಲ್ಲ. ಹುನಗುಂದದ ಡಾಕ್ಟರಮ್ಮ ಹೇಳಿದ್ದು ಇಷ್ಟೇ: “ಇಪ್ಪತ್ತು ಕಿಲೋದ ಗ್ರಿಪ್ಪರ್ ಬಿಡದ ಹತ್ತು ಸಲ ಹಿಸುಕ್ರಿ. ಆಮ್ಯಾಲ ಕತ್ತರಿ ಮುಟ್ರಿ. ಮೊದಲ ಮುಟ್ಟಿದ್ರ ಮತ್ತ ಪಟ್ಟಿ ಕಟ್ಟೂದ.”

ಎರಡು ತಿಂಗಳಾದರೂ ಏಳನ್ನು ದಾಟಲಾಗಲಿಲ್ಲ. ಅಷ್ಟರಲ್ಲಿ ಉಣ್ಣೆ ಕತ್ತರಿಸುವ ಹಂಗಾಮು ಬಂತು. ತಂಡದ ಹಿರಿಯ ಪ್ರಭುಲಿಂಗ ಮನೆಗೇ ಬಂದು ಕಟ್ಟೆಯ ಮೇಲೆ ಕೂತ.

“ಬುಧವಾರ ಹಿಡೀತೀವಿ. ಬರ್ತಿ ಇಲ್ಲ ಹೇಳಿಬಿಡೋ ಹನಮಂತಾ. ನಿನ್ನ ಜಾಗಾಕ್ಕ ಒಬ್ಬನ್ನ ನೋಡಬೇಕಾಗತೈತಿ.”

“ಸೋಮವಾರ ಹೇಳ್ತೇನಿ,” ಎಂದ ಹನಮಂತಪ್ಪ. ಒಮ್ಮೆ ಬೇರೊಬ್ಬ ಕೂತರೆ ಆ ಜಾಗ ತಿರುಗಿ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಗ್ರಿಪ್ಪರು ಕೊಂಡದ್ದು ಹುನಗುಂದದ ಜಿಮ್ಮಿನಲ್ಲಿ. ಅದರ ಯಜಮಾನ ಗೌತಮ ಗಿರಾಕಿಗಳೊಡನೆ ಮಾತಾಡುವಾಗಲೂ ಕನ್ನಡಿಯನ್ನೇ ನೋಡುವ ಹುಡುಗ. ಹನಮಂತಪ್ಪ ಹೋಗಿ ಕಷ್ಟ ಹೇಳಿಕೊಂಡ.

“ಕಾಕಾ, ಇದು ಸಣ್ಣ ಹುಡುಗೂರ್ದು. ನಾ ಅರವತ್ತು ಕಿಲೋದ್ದ ಹಿಸುಕ್ತೇನಿ,” ಎನ್ನುತ್ತ ಗೌತಮ ಅದನ್ನು ಕೈಗೆ ತೆಗೆದುಕೊಂಡ. ಹಿಸುಕುವಾಗ ಮಾತು ಅರ್ಧಕ್ಕೇ ನಿಂತಿತು, ಕುತ್ತಿಗೆಯ ನರ ಎದ್ದಿತು. ಕುರಿಯ ಉಸಿರು ನೋಡಿ ರೋಗ ಹೇಳುವ ಹನಮಂತಪ್ಪನ ಕಣ್ಣಿನಿಂದ ಇದು ತಪ್ಪಲಿಲ್ಲ. ಹುಡುಗರದು ಅಂದರೆ ಇವನೇಕೆ ಇಷ್ಟು ಕೆಂಪಾಗಬೇಕು? ಹಿಡಿಯ ಮೇಲೆ ಒತ್ತಿದ ‘20’ ಎಂಬ ಅಂಕಿಯ ಮೇಲೇ ಅವನಿಗೆ ಅನುಮಾನ ಹುಟ್ಟಿತು.

ಮರುದಿನ ಹಿತ್ತಲಲ್ಲಿ ಯಂತ್ರ ಎದ್ದಿತು. ಹಳೆಯ ನೊಗವನ್ನು ಎರಡು ಡ್ರಮ್ಮಿನ ಮೇಲೆ ಅಡ್ಡ ಇಟ್ಟು, ಗ್ರಿಪ್ಪರಿನ ಒಂದು ಹಿಡಿಯನ್ನು ಅದಕ್ಕೆ ತಂತಿಯಿಂದ ಬಿಗಿದ. ಇನ್ನೊಂದು ಹಿಡಿ ಮೇಲೆ. ಅದಕ್ಕೆ ಹಗ್ಗ ಹಾಕಿ, ಜೋಳ ಅಳೆದು ಸುರಿಯಲು ಕೆಳಗೆ ಚೀಲ ಇಳಿಬಿಟ್ಟ. ಹಗ್ಗ ಹಿಡಿಯ ತುದಿಗೆ ಜಾರುತ್ತಿತ್ತು; ಸೈಕಲ್ ಟ್ಯೂಬು ಸುತ್ತಿ, ನಡುಬೆರಳು ಕೂರುವ ಜಾಗದಲ್ಲಿ ನಿಲ್ಲಿಸಿದ. ಎರಡು ಹಿಡಿಗಳ ನಡುವೆ ಬಸ್ಸಿನ ಹಳೆ ಟಿಕೀಟು ಇಟ್ಟ. ಎಳೆದರೆ ಟಿಕೀಟು ಬರದಿದ್ದರೆ ಗ್ರಿಪ್ಪರು ಪೂರ್ತಿ ಮುಚ್ಚಿದಂತೆ. ಮೊದಲ ಸಲ ಹಗ್ಗ ಹರಿದು ಜೋಳ ಚೆಲ್ಲಿತು. ಆ ಪ್ರಯೋಗದ ಫಲವನ್ನು ಕೋಳಿಗಳು ಉಂಡವು.

ಎರಡನೆಯ ಸಲ ಹೆಂಡತಿ ಸೋಮವ್ವ ಸೇರು ಹಿಡಿದು ಕೂತಳು. ಅವರ ಮನೆಯ ಸೇರಿಗೆ ಜೋಳ ಒಂದೂವರೆ ಕಿಲೋ ಹಿಡಿಯುತ್ತದೆ. ಒಂದು ಅನ್ನದೆ ‘ಲಾಭ’ ಎಂದು ಶುರು ಮಾಡಿ, ಎರಡು, ಮೂರು ಎಂದು ಎಣಿಸುತ್ತ ಚೀಲಕ್ಕೆ ಸುರಿದಳು. ಹದಿನಾಲ್ಕಕ್ಕೆ ಟಿಕೀಟು ಸಿಕ್ಕಿಕೊಂಡಿತು.

ಇಪ್ಪತ್ತೊಂದು ಕಿಲೋ. ಅಂಕಿ ಖರೆ, ಕೈಯೇ ಸುಳ್ಳು.

ಹನಮಂತಪ್ಪ ಆ ದಿನ ಊಟಕ್ಕೆ ಕೂತು ರೊಟ್ಟಿ ಮುರಿದನೇ ಹೊರತು ತಿನ್ನಲಿಲ್ಲ. ಭಾನುವಾರ ಕತ್ತರಿ ತೆಗೆದು, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ. ಪ್ರಭುಲಿಂಗನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸತೊಡಗಿದ. ಸೋಮವಾರ ಬೆಳಿಗ್ಗೆ, ಫೋನು ಕೈಗೆತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಸೋಮವ್ವ ಕೂಗಿದಳು.

“ಇಲ್ಲಿ ಬರ್ರಿ. ಬೀರಪ್ಪ ಕಣ್ಣ ತೆರದಾನ.”

ಚೀಲದ ಜೋಳವನ್ನು ಅವಳು ಕಾಳು ತುಂಬಿಡುವ ಗುಮ್ಮಿಗೆ ತಿರುಗಿ ಅಳೆದು ಹಾಕಿದ್ದಳು. ಹದಿನೆಂಟು ಸೇರು ಆಗಿತ್ತು. ಆಗಲೇ ಮನೆದೇವರು ಬೀರಪ್ಪನ ಭಂಡಾರದ ಬಟ್ಟಲು ತಂದು, ಅರಿಸಿನವನ್ನು ಗುಮ್ಮಿಗೆ ಹಚ್ಚಿ ಕೈಮುಗಿದು ನಿಂತಿದ್ದಳು.

“ಹದಿನಾಕು ಹೋದದ್ದು ಹದಿನೆಂಟ ಹೆಂಗ ಬಂತು?” ಹನಮಂತಪ್ಪ ಗುಮ್ಮಿಯನ್ನೂ ನೋಡಿದ, ಹೆಂಡತಿಯನ್ನೂ ನೋಡಿದ. “ಚೀಲಕ್ಕ ಹಾಕೂವಾಗ ಕೊಸರು ಹಾಕಿದ್ಯಾ?”

“ಹಾಕದ? ಕೊಸರಿಲ್ಲದ ಅಳ್ಯಾಕ ನಮ್ಮವ್ವ ಕಲಿಸಿಲ್ಲ. ಸೇರಿನ ಮ್ಯಾಲ ಒಂದು ಬೊಗಸಿ.”

“ಗುಮ್ಮಿಗೆ ಹಾಕೂವಾಗ?”

“ನಮ್ಮ ಗುಮ್ಮಿಗೆ ನಾವ ಕೊಸರು ಹಾಕ್ಕೊಂತೀವೇನ್ರಿ? ಜನಾ ನಗತಾರ.”

“ಸ್ಪ್ರಿಂಗು ನಿನ್ನ ಗಿರಾಕಿ ಏನ?”

“ಮನಿಗೆ ಬಂದದ್ದ ಯಾವುದಾದ್ರೇನ್ರಿ,” ಎಂದಳು ಸೋಮವ್ವ, ಭಂಡಾರ ಒರೆಸದೆಯೇ.

ಹನಮಂತಪ್ಪ ಅದೇ ಜೋಳವನ್ನು ಮತ್ತೆ ಚೀಲಕ್ಕೆ ತುಂಬಿ, ಬಸ್ಸು ಹತ್ತಿ ಹುನಗುಂದಕ್ಕೆ ಹೋದ. ಗುಜರಿ ಅಂಗಡಿಯ ಇಮಾಮಸಾಬ ಚೀಲವನ್ನು ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಟ್ಟ. ಇಪ್ಪತ್ತೇಳು ಕಿಲೋ, ಮೇಲೆ ನೂರು ಗ್ರಾಂ.

“ಯಾರಿಗೆ ಮಾರಾಕ ಹೊಂಟಿ?” ಎಂದ ಇಮಾಮಸಾಬ.

“ಡಾಕ್ಟರಿಗೆ ತೋರಸಾಕ.”

“ಜೋಳಕ್ಕ ಏನಾಗೇತಿ?”

ಹನಮಂತಪ್ಪ ಆಗಲೇ ರಸ್ತೆಗೆ ಇಳಿದಿದ್ದ. ಚೀಲ ಹೊತ್ತುಕೊಂಡೇ ದವಾಖಾನೆಯ ಸಾಲಿನಲ್ಲಿ ಕೂತ. ಡಾಕ್ಟರಮ್ಮ ಕಥೆಯನ್ನು ಪೂರ್ತಿ ಕೇಳಿ, ಗ್ರಿಪ್ಪರನ್ನು ತಾನೂ ಹಿಸುಕಿ ನೋಡಿ, ಅರ್ಧಕ್ಕೇ ಬಿಟ್ಟಳು. “ಇಪ್ಪತ್ತೇಳು ಕಿಲೋದ್ದು ಏಳು ಸಲ ಹಿಸುಕೂ ಕೈ, ಇಪ್ಪತ್ತರದ್ದು ಹತ್ತು ಸಲ ಯಾವತ್ತೋ ದಾಟೇತಿ. ಹೋಗ್ರಿ. ಮೊದಲ ದಿನ ಹತ್ತು ಕುರಿ, ಹೆಚ್ಚಿಗಿ ಬ್ಯಾಡ.”

ಹೊರಗೆ ಬಂದವನೇ ಹನಮಂತಪ್ಪ ಪ್ರಭುಲಿಂಗನಿಗೆ ಫೋನು ಮಾಡಿ ಬುಧವಾರ ಬರುತ್ತೇನೆಂದ. ಸುದ್ದಿ ಜಿಮ್ಮಿಗೂ ಮುಟ್ಟಿತು. ಗೌತಮ ತನ್ನ ಅರವತ್ತು ಕಿಲೋದ ಗ್ರಿಪ್ಪರನ್ನು ಜೇಬಿನಲ್ಲಿ ಇಟ್ಟುಕೊಂಡು ರಾಮಥಾಳಕ್ಕೆ ಬಂದ. ಈ ಸಲ ಜೋಳ ಬಿಟ್ಟು, ತೂಗಿದ ಕಲ್ಲುಗಳನ್ನು ತುಂಬಿದರು. ನಲವತ್ತೊಂದಕ್ಕೇ ಟಿಕೀಟು ಸಿಕ್ಕಿಕೊಂಡಿತು. ಗೌತಮ ನೊಗದ ಸುತ್ತ ಎರಡು ಸುತ್ತು ಹಾಕಿ, “ಕಂಪನಿ ಕಿಲೋನ ಬ್ಯಾರೆ ಇರತಾವ ಕಾಕಾ,” ಎಂದು ತೀರ್ಮಾನ ಕೊಟ್ಟ.

ಬುಧವಾರ ಹನಮಂತಪ್ಪ ತಂಡದಲ್ಲಿ ತನ್ನ ಜಾಗದಲ್ಲೇ ಕೂತ. ಮೊದಲ ಎರಡು ಕುರಿಗೆ ಪ್ರಭುಲಿಂಗ ತನ್ನ ಕತ್ತರಿ ನಿಲ್ಲಿಸಿ ಓರೆಗಣ್ಣಲ್ಲಿ ನೋಡುತ್ತಿದ್ದ. ಮೂರನೆಯದಕ್ಕೆ ನೋಡುವುದು ಬಿಟ್ಟ. ಉಣ್ಣೆಯ ಕರಿಯ ತುಪ್ಪಟ ಕಂಬಳಿಯಂತೆ ಒಂದೇ ತುಂಡಾಗಿ ಬಿಚ್ಚಿಕೊಳ್ಳುತ್ತಿತ್ತು. ಹತ್ತನೆಯ ಕುರಿ ಮೊಣಕಾಲಿನ ನಡುವೆ ಒದ್ದಾಡುತ್ತಿರುವಾಗ, ವಿಡಿಯೋ ಮಾಡಲು ಬಂದ ಗೌತಮ ಫೋನು ಅವನ ಮುಖದ ಹತ್ತಿರ ಹಿಡಿದು ಕೇಳಿದ.

“ಕಾಕಾ, ಗ್ರಿಪ್ಪರ್ ಬಿಟ್ಟ ಬಿಟ್ರಿ ಅಂತ. ಬರೇ ಕುರಿ ಕತ್ತರಿಸಿದ್ರ ಕೈಗೆ ಸರಿಯಾದ ವ್ಯಾಯಾಮ ಆಗತೈತೇನ್ರಿ?”

ಹನಮಂತಪ್ಪ ಕುರಿಯ ಹೊಟ್ಟೆಯ ಕಡೆಯಿಂದ ತಲೆ ಎತ್ತಲಿಲ್ಲ.

“ಗ್ರಿಪ್ಪರಿನ ಮೈಮ್ಯಾಲ ತುಪ್ಪಟ ಬೆಳಿಯೂದಿಲ್ಲೋ ತಮ್ಮಾ. ಸರಿ ಆಕಡೆ, ಬೆಳಕಿಗೆ ಅಡ್ಡ ನಿಂತಿ.”